ಕೊರಳಲ್ಲಿದ್ದ ಶಿವದೇವಿ

ಕೋಠಿ, ಹೈದರಾಬಾದ್
25 ಜೂನ್ 2006, ರವಿವಾರ

ಉಮಾಶ್ರೀಗೆ,

ಒಂದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುವ ಗತಿ ನನಗೆ ತಂದಿಟ್ಟೆ. ಮೂರನೆಯ ಇಯತ್ತೆಗೆ ಪಾಟಿ ಎಸೆದು ಬಂದವಳನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಪೆನ್ನು ಕೊಟ್ಟು ಕೂಡಿಸಿದ್ದೀ. ಫೋನು ಮಾಡಿದರೆ "ನೀವು ಒದರತೀರಿ, ನನಗ ಕೇಳಾಕ ಆಗೂದಿಲ್ಲ. ಏನ ಹೇಳೂದೈತಿ ಬರದು ಕಳಸ್ರಿ" ಎಂದು ಪಟ್ಟನೆ ಇಟ್ಟುಬಿಟ್ಟೆ. ನಿಮ್ಮಪ್ಪ ಮರುದಿನವೇ ಹಾಳೆ, ಲಕೋಟೆ, ಅಂಟು ತಂದು ರೊಟ್ಟಿ ಬಡಿಯುವ ಕಲ್ಲಿನ ಪಕ್ಕದಲ್ಲಿ ಇಟ್ಟರು. ಒಂದು ಮಾತು ಆಡಲಿಲ್ಲ. ಆ ಮನುಷ್ಯ ಯಾವತ್ತು ಆಡಿದ್ದಾರೆ? ಕೋಠಿಯಿಂದ ಮಣಿಕೊಂಡಕ್ಕೆ ಎರಡು ಬಸ್ಸು. ಲಕೋಟೆಗೆ ಮೂರು ದಿನ ಬೇಕಂತೆ. ನಾನು ಮೊಣಕಾಲು ಹಿಡಿದುಕೊಂಡು ನಡೆದರೂ ಅದಕ್ಕಿಂತ ಮೊದಲು ಮುಟ್ಟುತ್ತೇನೆ. ಇನ್ನು ಕಾಗದದ ಮೇಲೆ ಒದರಲು ಬರುವುದಿಲ್ಲ ಅಂತ ನೀನು ತಿಳಿದಿದ್ದರೆ ಅದು ನಿನ್ನ ಭ್ರಮೆ. ದೊಡ್ಡ ಅಕ್ಷರದಲ್ಲಿ ಬರೆದರೆ ಆಯಿತು.

ಈಗ ವಿಷಯ. ನಿನಗೆ ಮೂರು ತುಂಬಿ ನಾಲ್ಕನೆಯ ತಿಂಗಳು. ದಸರೆಯ ಹೊತ್ತಿಗೆ ಏಳರಲ್ಲಿ ಇರುತ್ತೀ. ಏಳರಲ್ಲಿ ಕುಬುಸ ಮಾಡಬೇಕು. ಹಸಿರು ಸೀರೆ, ಹಸಿರು ಕುಬುಸ, ಹಸಿರು ಬಳೆ, ಉಡಿ ತುಂಬುವುದು, ಎಲ್ಲ ತವರಿನ ಕೆಲಸ. ಮುಂದೆ ಬಾಣಂತನವೂ ತವರಿನದೇ. ನಿನ್ನ ತವರು ಅಂದರೆ ಕೋಠಿಯ ಈ ಎರಡು ಖೋಲಿ. ಇದರಲ್ಲಿ ನಾನು ಇದ್ದೇನೆ. ಅದು ನಿನಗೆ ಸೇರುವುದಿಲ್ಲ ಎಂಬುದು ನನಗೆ ಗೊತ್ತು, ಆದರೆ ಬೇರೆ ತವರನ್ನು ಎಲ್ಲಿಂದ ತರಲಿ?

ಕಾರಹುಣ್ಣಿಮೆಯ ದಿನದ್ದನ್ನೂ ಬರೆಯಬೇಕಂತೆ. ಬರೆಯುತ್ತೇನೆ. ಊಟಕ್ಕೆ ಕುಳಿತವಳು ನೀನು ಗೋಡೆ ನೋಡಿದೆ. ನಿಮ್ಮವ್ವ ಶಿವದೇವಿಯ ಫೋಟೋ ಇದ್ದಲ್ಲಿ ಬರೀ ಮೊಳೆ ಇತ್ತು. ಆಮೇಲೆ ನನ್ನ ಕೊರಳು ನೋಡಿದೆ. ಅಲ್ಲಿ ತಾಳಿ ಇತ್ತು, ಅದರ ಪಕ್ಕದ ಬೆಳ್ಳಿಯ ಟಾಕು ಇರಲಿಲ್ಲ. "ಅವ್ವನ ಫೋಟೋ ಎಲ್ರಿ?" ಅಂತ ಕೇಳಿದೆ. ನಾನು, "ಎಲ್ಲೆರ ಹಾಳಾಗಿ ಹೋಗಿರಬೇಕು, ನಾನೇನ ಕಾವಲಾ ಕುಂತೀನೇನು?" ಅಂದೆ. ಹೋಳಿಗೆಯ ತಾಟು ಅರ್ಧಕ್ಕೆ ಬಿಟ್ಟು ನೀನು ಎದ್ದು ಹೋದೆ. ಬಸುರಿ ಹೆಂಗಸು ಊಟದಿಂದ ಏಳಬಾರದು. ಅಂದದ್ದು ನನ್ನ ತಪ್ಪು, ಎದ್ದದ್ದು ನಿನ್ನ ತಪ್ಪು.

ಫೋಟೋ ಎಲ್ಲಿಗೂ ಹೋಗಿಲ್ಲ. ಸದ್ಯಕ್ಕೆ ಅಷ್ಟು ತಿಳಿದರೆ ಸಾಕು. ಕುಬುಸಕ್ಕೆ ಬರುತ್ತೀಯೋ ಇಲ್ಲವೋ, ಅದನ್ನು ಹೇಳು.

ಕೆಳಗೆ ಆಶೀರ್ವಾದ ಅಂತ ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಬಿಟ್ಟಿದ್ದೇನೆ.

ಇಂತಿ,
ಗದಿಗೆಮ್ಮ


ಮಣಿಕೊಂಡ
9 ಜುಲೈ 2006

ಗದಿಗೆಮ್ಮನವರಿಗೆ,

ನಮಸ್ಕಾರ. ನಿಮ್ಮ ಕಾಗದ ಮುಟ್ಟಿತು.

ನಾನು ಕೇಳಿದ್ದು ಒಂದೇ ಮಾತು, ಫೋಟೋ ಎಲ್ಲಿದೆ ಎಂದು. ಎರಡು ಪುಟ ಬರೆದಿದ್ದೀರಿ, ಅದಕ್ಕೆ ಮಾತ್ರ ಉತ್ತರ ಇಲ್ಲ.

ಅವ್ವನದು ಇರುವುದು ಅದೊಂದೇ ಫೋಟೋ. ಅವಳ ತೊಡೆಯ ಮೇಲೆ ನಾನಿದ್ದೇನೆ, ನಾಲ್ಕು ವರ್ಷದವಳು. ಅಪ್ಪ ಎರಡನೆಯ ಮದುವೆಯ ಮಾತು ತೆಗೆದಾಗ ಎಲ್ಲರೂ ಒಳ್ಳೆಯದಾಯಿತು ಅಂದರು. ನನಗೆ ಇಪ್ಪತ್ತಮೂರು. ನಾನೂ ಒಳ್ಳೆಯದಾಯಿತು ಅಂದೆ. ಅಪ್ಪನಿಗೆ ಒಂದೇ ಷರತ್ತು ಹಾಕಿದ್ದೆ: ಯಾರು ಬಂದರೂ ಆ ಫೋಟೋ ಆ ಮೊಳೆಯಿಂದ ಇಳಿಯಬಾರದು. ಎಂಟು ವರ್ಷ ಇಳಿಯಲಿಲ್ಲ. ನಾನು ತಾಯಿಯಾಗುವ ವರ್ಷವೇ ಇಳಿಯಿತು.

ಕುಬುಸದ ಬಗ್ಗೆ: ಸಾಯಿಕುಮಾರನ ತಾಯಿ ತಮ್ಮ ಸೊಸೆಗೆ ವರಂಗಲ್ಲಿನಲ್ಲಿ ತಾವೇ ಮಾಡುತ್ತೇವೆ ಎಂದಿದ್ದಾರೆ. ನಾನು ಇನ್ನೂ ಏನೂ ಹೇಳಿಲ್ಲ.

ಉಮಾಶ್ರೀ


ಕೋಠಿ
22 ಜುಲೈ 2006, ಶನಿವಾರ

ಉಮಾಶ್ರೀಗೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಬಂದುಬಿಟ್ಟಿದೆ, ಓದಲು ಕಣ್ಣು ನೋಯಿತು. ಆದರೂ ನಾಲ್ಕು ಸಲ ಓದಿದೆ.

ಆ ಷರತ್ತಿನ ವಿಷಯ ನನಗೆ ಗೊತ್ತಿರಲಿಲ್ಲ. ನಿಮ್ಮಪ್ಪನನ್ನು ಕೇಳಿದರೆ "ಹೇಳೀನಿ ಅನಕೊಂಡಿದ್ದೆ" ಅಂದರು. ಎಂಟು ವರ್ಷ ಅನಕೊಂಡೇ ಇದ್ದಾರೆ. ಹೇಳಿದ್ದರೆ ನಾನು ಆ ಮೊಳೆಗೆ ಬೆರಳು ತಾಗಿಸುತ್ತಿರಲಿಲ್ಲ. ಇರಲಿ, ಈಗ ಕೇಳು. ಫೋಟೋ, ಪಂಚಮಿಯ ಉಂಡಿ, ಈ ಕಾಗದ, ಮೂರನ್ನೂ ನಾಳೆ ನಿನ್ನ ತಮ್ಮ ಬಸವಕಿರಣನ ಕೈಯಲ್ಲಿ ಕಳಿಸುತ್ತೇನೆ. ಅವನು ಮಿಯಾಪುರದಿಂದ ರವಿವಾರ ಊಟಕ್ಕೆ ಬರುತ್ತಾನೆ. ಮೊದಲು ಕಾಗದ, ಆಮೇಲೆ ಉಂಡಿ, ಕಡೆಗೆ ಫೋಟೋ ಅಂತ ಅವನಿಗೆ ಹೇಳಿಕೊಡುತ್ತೇನೆ. ಹಾಗೆಯೇ ಮಾಡು. ಫೋಟೋ ಮೊದಲು ನೋಡಿದರೆ ಉಂಡಿ ಗಂಟಲಲ್ಲಿ ಇಳಿಯುವುದಿಲ್ಲ.

ನೀನು ಹೈದರಾಬಾದಿನಲ್ಲಿ ಬೆಳೆದವಳು. ಟಾಕಿನ ಪದ್ಧತಿಯನ್ನು ನಿನಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ನಮ್ಮ ಬಸವಕಲ್ಯಾಣದ ಕಡೆಯ ಮನೆಗಳಲ್ಲಿ, ಹೆಂಡತಿ ತೀರಿದವನನ್ನು ಮದುವೆಯಾದವಳು ಬರೀ ತಾಳಿ ಕಟ್ಟಿಸಿಕೊಂಡರೆ ಸಾಲದು. ಹೋದವಳ ರೂಪು ಒತ್ತಿದ, ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿಯ ತಗಡನ್ನೂ ಪಕ್ಕದಲ್ಲಿ ಕಟ್ಟಿಕೊಳ್ಳಬೇಕು. ಅದೇ ಟಾಕು. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ತಾನು ಉಡಬೇಕು. ಹಬ್ಬದ ಹೋಳಿಗೆಯನ್ನು ಮೊದಲು ಅದಕ್ಕೆ ತೋರಿಸಬೇಕು. ಮನೆ ಮೊದಲು ಆಕೆಯದು, ಆಮೇಲೆ ನನ್ನದು. ಅಷ್ಟೇ ಅದರ ಅರ್ಥ. ಮದುವೆಯ ದಿನ ನಿನ್ನ ಸೋದರತ್ತೆ ಸುಂದರಾಬಾಯಿ ಅದನ್ನು ನನ್ನ ಕೊರಳಿಗೆ ಕಟ್ಟುತ್ತ "ಇನ್ನ ನೀ ಒಬ್ಬಾಕಿ ಅಲ್ಲ, ಇಬ್ಬರು ಅದೀರಿ" ಅಂದಳು. ಬೆದರಿಸಲು ಅಂದಳೋ ಸಮಾಧಾನಕ್ಕೆ ಅಂದಳೋ, ಇವತ್ತಿಗೂ ತಿಳಿದಿಲ್ಲ.

ನಾಲ್ವರು ತಮ್ಮಂದಿರನ್ನು ದಡ ಮುಟ್ಟಿಸುವಷ್ಟರಲ್ಲಿ ನನ್ನ ವಯಸ್ಸು ದಾಟಿತ್ತು. ಐವತ್ತಕ್ಕೆ ಈ ಮನೆಗೆ ಬಂದೆ. ಸಣ್ಣ ಮಕ್ಕಳಿದ್ದರೆ ನನಗೆ ಬರುತ್ತಿತ್ತು. ಬೈದು, ಉಣಿಸಿ, ಮೂಗು ಒರೆಸಿ, ತಟ್ಟಿ ಮಲಗಿಸಿದರೆ ಸಣ್ಣವರು ಬೆಳಗಾಗುವಷ್ಟರಲ್ಲಿ ನಮ್ಮವರಾಗುತ್ತಾರೆ. ಕಂಪ್ಯೂಟರ್ ಕಲಿತ, ತನ್ನ ಬಟ್ಟೆಗೆ ತಾನೇ ಇಸ್ತ್ರಿ ಹಾಕಿಕೊಳ್ಳುವ ಹುಡುಗಿಯನ್ನು ಏನು ಮಾಡಬೇಕು? ಬೈದರೆ ನೀನು "ಹೂಂರಿ" ಅನ್ನುತ್ತಿದ್ದೆ. ಬಡಿಸಿದರೆ "ಸಾಕ್ರಿ" ಅನ್ನುತ್ತಿದ್ದೆ. ನನ್ನನ್ನು ಏನಂತ ಕರೆಯಬೇಕೆಂದು ತಿಳಿಯದೆ ಅಡುಗೆಮನೆಯ ಬಾಗಿಲಿಗೆ ಬಂದು ಕೆಮ್ಮಿ ನಿಲ್ಲುತ್ತಿದ್ದೆ. ನಾಲ್ಕು ವರ್ಷ ಕೆಮ್ಮಿದೆ, ಆಮೇಲೆ ಮದುವೆಯಾಗಿ ಹೋದೆ.

ಈ ಮನೆಯಲ್ಲಿ ನನ್ನ ಜೊತೆ ಮಾತಿಗೆ ಸಿಕ್ಕವಳು ಕೊರಳಲ್ಲಿದ್ದ ನಿಮ್ಮವ್ವ ಒಬ್ಬಳೇ. ಇಲ್ಲಿ ಖೋಲಿ ಹಿಡಿದು ಇರುವ ನಮ್ಮ ಕಡೆಯ ಹುಡುಗರಿಗೆ ದಿನಕ್ಕೆ ನೂರು ರೊಟ್ಟಿ ಬಡಿಯುತ್ತೇನಲ್ಲ, ಆಗೆಲ್ಲ ಆಕೆಯ ಜೊತೆ ಜಗಳ. ಉಪ್ಪಿನ ಡಬ್ಬಿಯನ್ನು ಅಷ್ಟು ಮೇಲೆ ಇಟ್ಟು ಯಾಕೆ ಸತ್ತೆ? ನಿನ್ನ ಮಗಳಿಗೆ ಬದನೆಕಾಯಿ ಸೇರುವುದಿಲ್ಲ ಅಂತ ಯಾರಿಗಾದರೂ ಹೇಳಿ ಹೋಗಬಾರದಿತ್ತೇ? ನಿನ್ನ ಗಂಡನ ಬಾಯಿಗೆ ಹಾಕಿದ ಬೀಗದ ಕೈ ಎಲ್ಲಿಟ್ಟಿದ್ದೀ? ಆಕೆ ಉತ್ತರ ಕೊಡುತ್ತಿರಲಿಲ್ಲ, ಸಿಟ್ಟಾಗಿ ಎದ್ದೂ ಹೋಗುತ್ತಿರಲಿಲ್ಲ. ಅದು ನನಗೆ ಭಾಳ ಆಸರೆ ಆಯಿತು.

ಪ್ರತಿ ಸೋಮವಾರ ಆಕೆಯನ್ನು ರಂಗೋಲಿ ಪುಡಿ ಹಚ್ಚಿ ತಿಕ್ಕಿ, ಮೇಲೆ ವಿಭೂತಿಯಿಂದ ಒರೆಸುತ್ತಿದ್ದೆ. ನನ್ನ ಕೊರಳಿಗೆ ಬಂದು ಶಿವದೇವಿ ಕಪ್ಪಾದಳು ಎಂದು ಮಂದಿ ಅನ್ನಬಾರದು ನೋಡು. ರಂಗೋಲಿ ಪುಡಿ ಕಲ್ಲಿನದು, ತಗಡು ತೆಳ್ಳಗಿನದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಈ ಯುಗಾದಿಗೆ ಹೋಳಿಗೆ ತೋರಿಸಲು ಟಾಕನ್ನು ಕೈಗೆ ತೆಗೆದುಕೊಂಡರೆ ಕಣ್ಣಿಲ್ಲ, ಮೂಗಿಲ್ಲ. ಬರೀ ಹೊಳಪು. ಎಂಟು ವರ್ಷ ತಿಕ್ಕಿ ತಿಕ್ಕಿ ನಿಮ್ಮವ್ವನ ಮುಖವನ್ನು ನಾನೇ ಅಳಿಸಿದ್ದೆ.

ಯಾರಿಗೆ ಹೇಳಲಿ? ಮಲತಾಯಿ ಎಂಬುವಳು ತಾಯಿಯ ಮುಖ ಅಳಿಸಿದಳು ಅಂದರೆ ನಂಬಲು ಯಾರಿಗೆ ಕಷ್ಟ? ಹಿಂದಿನ ಗಲ್ಲಿಯ ಲಿಂಗಣ್ಣ ಪತ್ತಾರನ ಹತ್ತಿರ ಒಯ್ದೆ. ಹುಮನಾಬಾದಿನವನು, ಬೆಳ್ಳಿ ಕೆಲಸದಲ್ಲಿ ಕೈ ಒಳ್ಳೆಯದು. ಅವನು ತಗಡನ್ನು ಆಚೆ ಈಚೆ ತಿರುಗಿಸಿ, "ಅಕ್ಕಾ, ಯಾರ ಮಾರಿ ಒತ್ತಲಿ? ಅಚ್ಚಿನಾಗ ಎಲ್ಲಮ್ಮ ಅದಾಳ, ಲಕ್ಷ್ಮಿ ಅದಾಳ. ನಿನ್ನ ಸವತಿ ಇಲ್ಲ" ಅಂದ. ಹೋದವಳ ಫೋಟೋ ಇದ್ದರೆ ಅದನ್ನು ನೋಡಿ ಹೊಸ ಅಚ್ಚು ಕೊರೆಯುತ್ತೇನೆ ಅಂದ. ನಾನು ಗೋಡೆಯಿಂದ ಇಳಿಸಿ, ಚೌಕಟ್ಟಿನಿಂದ ಬಿಡಿಸಿ ಕೊಟ್ಟು ಬಂದೆ. ನೋಡುತ್ತೇನೆ ಅಂದವನು ನೋಡುತ್ತಾನೆ ಅಂತ ತಿಳಿದೆ. ಪತ್ತಾರರು ನೋಡುವುದೇ ಬೇರೆ. ಚಿತ್ರವನ್ನು ತಗಡಿನ ಮೇಲೆ ಇಟ್ಟು, ಮುಖದ ಗೆರೆಯ ಗುಂಟ ಸೂಜಿಯಿಂದ ಚುಚ್ಚಿ ಗುರುತು ಇಳಿಸುತ್ತಾರಂತೆ. ಕಾರಹುಣ್ಣಿಮೆಗೆ ಮೂರು ದಿನ ಇದೆ ಅನ್ನುವಾಗ ಹೋಗಿ ನೋಡಿದರೆ ಶಿವದೇವಿಯ ಮುಖದ ಸುತ್ತ ತೂತು.

ಗಲ್ಲಿ ಕೂಡುವ ಹಾಗೆ ಬೈದೆ. ಅವನು "ನನ್ನ ಕಸಬು ಹಂಗ ಐತಿ ಅಕ್ಕಾ" ಅಂದ. ಫೋಟೋ ಕಸಿದುಕೊಂಡು ಬಂದು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಮುಚ್ಚಿಟ್ಟೆ. ಮೂರು ದಿನಕ್ಕೆ ನೀನು ಬಂದು ಕೇಳಿದೆ. ತಪ್ಪು ಮಾಡಿದವಳ ಬಾಯಿ ದೊಡ್ಡದಿರುತ್ತದೆ. ಆಗ ಬಂದದ್ದು ಆ ಮಾತು.

ಇಷ್ಟೇ. ಇನ್ನು ನಿನ್ನ ಸಿಟ್ಟು ನಿನ್ನದು. ಆದರೆ ಒಂದು ಹೇಳಿಬಿಡುತ್ತೇನೆ. ಎರಡನೆಯ ವರ್ಷ ನನಗೆ ಜ್ವರ ಬಂದಾಗ ಯಾರೋ ಕಿಟಕಿಯಲ್ಲಿ ಗುಳಿಗೆ ಮತ್ತು ಬಿಸಿನೀರಿನ ಥರ್ಮಾಸು ಇಟ್ಟು ಹೋಗಿದ್ದರು. ನಿಮ್ಮಪ್ಪ ಅಲ್ಲ, ಕಿರಣನೂ ಅಲ್ಲ. ನಿನ್ನ ಮೊದಲ ಸಂಬಳಕ್ಕೆ ಅತ್ತೆಗೊಂದು, ನನಗೊಂದು ಸೀರೆ ತಂದೆ. ನನ್ನದನ್ನು ಟ್ರಂಕಿನ ಮೇಲೆ ಇಟ್ಟು ಹೋದೆ. ಆ ಸೀರೆಯನ್ನು ನಾನು ಮೊದಲು ಟಾಕಿಗೆ ಮುಟ್ಟಿಸಿ ಆಮೇಲೆ ಉಟ್ಟೆ. ನಿನ್ನ ಮೊದಲ ಸಂಬಳದ ಸೀರೆಯನ್ನು ನಿಮ್ಮವ್ವನೇ ಮೊದಲು ಉಟ್ಟದ್ದು. ನೀನು ಅವತ್ತು ಕೇಳಿದ್ದರೆ ಹೇಳುತ್ತಿದ್ದೆ.

ಉಂಡಿ ಎಳ್ಳಿನವು ಅಲ್ಲ. ಎಳ್ಳು ಬಸುರಿಗೆ ಉಷ್ಣ. ಶೇಂಗಾದ್ದು ಮತ್ತು ರವೆಯದ್ದು.

ಇಂತಿ,
ಗದಿಗೆಮ್ಮ


ಮಣಿಕೊಂಡ
13 ಆಗಸ್ಟ್ 2006

ಗದಿಗೆಮ್ಮನವರಿಗೆ,

ನಮಸ್ಕಾರ.

ನೀವು ಹೇಳಿದ ಕ್ರಮದಲ್ಲಿಯೇ ಮಾಡಿದೆ. ಕಾಗದ ಓದಿದೆ, ಉಂಡಿ ತಿಂದೆ. ಫೋಟೋ ತೆರೆಯಲು ಒಂದು ವಾರ ಬೇಕಾಯಿತು.

ತೆರೆದಾಗ ನಿಮ್ಮ ಮೇಲೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಎಷ್ಟು ತೂತುಗಳಿವೆ ಎಂದು ಎಣಿಸಿ ನಿಮಗೆ ಬರೆಯಬೇಕು ಅಂದುಕೊಂಡು ಬಾಲ್ಕನಿಯ ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದೆ. ಎದುರಿನ ಕಟ್ಟಡ ಇನ್ನೂ ಎದ್ದಿಲ್ಲ, ಬೆಳಿಗ್ಗೆ ಬಿಸಿಲು ನೇರ ಬರುತ್ತದೆ. ಫೋಟೋ ಕಪ್ಪಾಯಿತು, ತೂತುಗಳಷ್ಟೇ ಹೊಳೆದವು. ಹಣೆ, ಕೆನ್ನೆ, ಗದ್ದ, ಹೆರಳು. ಎಣಿಸುವುದನ್ನು ಬಿಟ್ಟೆ. ಕೈ ನೋಯುವ ತನಕ ಹಿಡಿದುಕೊಂಡು ನಿಂತಿದ್ದೆ. ಸಾಯಿಕುಮಾರ ಬಂದು ಏನಾಯಿತು ಅಂತ ತೆಲುಗಿನಲ್ಲಿ ಕೇಳಿದ. ನನಗೆ ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯಲಿಲ್ಲ.

ಕಿರಣ ಅದನ್ನು ಆಫೀಸಿಗೆ ಒಯ್ದು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತೂತುಗಳನ್ನು ಮುಚ್ಚಿ, ಹೊಸ ಪ್ರತಿ ತೆಗೆಸಿದ್ದಾನೆ. ಅದನ್ನು ನಿಮಗೆ ಕಳಿಸುತ್ತಿದ್ದೇನೆ, ಆ ಮೊಳೆಗೆ ಹಾಕಿ. ಚುಚ್ಚಿದ್ದು ನನ್ನ ಹತ್ತಿರ ಇರಲಿ.

ಇನ್ನೊಂದು ಮಾತು. ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಫೋಟೋದ ವಿಷಯ ಅಲ್ಲ. ಅಡುಗೆಮನೆಯಲ್ಲಿ ನೀವು ಒಬ್ಬರೇ ಬೈಯುವುದು ನನ್ನ ಖೋಲಿಗೆ ಕೇಳುತ್ತಿತ್ತು. "ನಿನ್ನ ಮಗಳು" ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಅಪ್ಪನ ಮುಂದೆ ನಮ್ಮ ಚಾಡಿ ಹೇಳುತ್ತಿದ್ದೀರಿ ಎಂದು ನಾಲ್ಕು ವರ್ಷ ತಿಳಿದಿದ್ದೆ. ಅಪ್ಪ ಆ ಹೊತ್ತಿಗೆ ಔಷಧದ ಅಂಗಡಿಗೆ ಹೋಗಿರುತ್ತಿದ್ದರು ಎಂಬುದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ನೀವು ಅವ್ವನ ಜೊತೆ ಮಾತಾಡುತ್ತಿದ್ದಿರಿ. ನನ್ನ ಬದನೆಕಾಯಿಯ ವಿಷಯ.

ಸೀರೆ ತಂದದ್ದು ಅಪ್ಪ ಹೇಳಿದ್ದರಿಂದ. ಇಲ್ಲದ ಹೆಸರು ನನಗೆ ಬೇಡ.

ಗುಳಿಗೆ ಇಟ್ಟವಳು ನಾನೇ.

ಉಮಾಶ್ರೀ


ಕೋಠಿ
24 ಆಗಸ್ಟ್ 2006, ಗುರುವಾರ

ಉಮಾಶ್ರೀಗೆ,

ಫೋಟೋ ಬಂತು. ಮೊಳೆಗೆ ಹಾಕಿದೆ. ನಿಮ್ಮಪ್ಪ ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವುದನ್ನು ಮರೆತು ಅದರ ಮುಂದೆ ನಿಂತರು. ತೂತು ಎಲ್ಲಿ ಹೋದವು ಅಂತ ಬೆರಳಿನಿಂದ ಸವರಿ ನೋಡಿದರು. ನಿನ್ನ ತಮ್ಮನ ಕಂಪ್ಯೂಟರಿಗೆ ನನ್ನ ಶರಣು ಹೇಳು. ಇಷ್ಟು ದಿನ ಅದರ ಮೇಲೆ ನನಗೆ ಸಿಟ್ಟಿತ್ತು, ಮಕ್ಕಳ ಬೆನ್ನು ಬಗ್ಗಿಸುತ್ತದೆ ಅಂತ. ಒಂದು ಒಳ್ಳೆಯ ಕೆಲಸವನ್ನೂ ಮಾಡಿತು.

ಸೀರೆ ಅಪ್ಪ ಹೇಳಿದ್ದಕ್ಕೆ ತಂದೆ ಅಂತ ಬರೆದಿದ್ದೀ. ಇರಬಹುದು. ಆದರೆ ಬಣ್ಣ ಆರಿಸಿದವರು ಯಾರು? ನಿಮ್ಮಪ್ಪನಿಗೆ ಕೆಂಪಿಗೂ ಕುಂಕುಮಕ್ಕೂ ವ್ಯತ್ಯಾಸ ಗೊತ್ತಿಲ್ಲ. ನನಗೆ ಗೋಧಿ ಬಣ್ಣ ಒಪ್ಪುತ್ತದೆ ಎಂದು ನೋಡಿ ತಂದವರು ಯಾರೋ ಒಬ್ಬರು ನನ್ನನ್ನು ಒಂದು ಕ್ಷಣವಾದರೂ ನೋಡಿರಬೇಕಲ್ಲ. ಆ ಕ್ಷಣಕ್ಕೆ ನಾನು ಋಣಿ. ಎಲ್ಲವನ್ನೂ ಮನಸಿದ್ದೇ ಮಾಡಬೇಕು ಅಂತ ಇಲ್ಲ. ಮನಸಿಲ್ಲದೆಯೂ ಸರಿಯಾಗಿ ಮಾಡಿದ್ದಕ್ಕೆ ಬೆಲೆ ಹೆಚ್ಚು. ಐವತ್ತಕ್ಕೆ ಬಂದವಳನ್ನು ನೀವಿಬ್ಬರೂ ಮನೆಯಿಂದ ಅಟ್ಟಬಹುದಿತ್ತು. ದೊಡ್ಡ ಮಕ್ಕಳ ಒಂದು ಮಾತಿಗೆ ನಿಮ್ಮಪ್ಪ ಕರಗಿಹೋಗುತ್ತಿದ್ದರು. ನೀವು ಆ ಮಾತು ಆಡಲಿಲ್ಲ. ಕಿರಣ ನನಗೆ ತೆಲುಗು ಓದಲು ಬರುವುದಿಲ್ಲ ಅಂತ ಅಡುಗೆಮನೆಯ ಗೋಡೆಯ ಮೇಲೆ ಬಸ್ಸಿನ ನಂಬರುಗಳನ್ನು ಇದ್ದಿಲಿನಿಂದ ಬರೆದುಕೊಟ್ಟ. ಇನ್ನೂ ಸುಣ್ಣ ಹೊಡೆಸಿಲ್ಲ.

ಈಗ ಒಂದು ಕೆಲಸ ಇದೆ. ಲಿಂಗಣ್ಣನ ಹತ್ತಿರ ಮುಖದ ಹೊರಗೆರೆ ಇದೆ, ಒಳಗಿನದು ಇಲ್ಲ. ಫೋಟೋದಲ್ಲಿ ಶಿವದೇವಿ ತಲೆ ಬಗ್ಗಿಸಿ ನಿನ್ನನ್ನು ನೋಡುತ್ತಿದ್ದಾಳೆ. ಕಣ್ಣು, ಮೂಗು ಎಲ್ಲ ನೆರಳು. ಫೋಟೋ ತೆಗೆಯುವವನ ಕಡೆ ನೋಡು ಅಂದರೆ ಮಗಳ ಕಡೆ ನೋಡಿದ್ದಾಳೆ. ಮೂಗು ಉದ್ದವೋ ಮೋಟೋ ಅಂತ ಪತ್ತಾರ ನನ್ನನ್ನು ಕೇಳುತ್ತಾನೆ. ನಾನು ಆಕೆಯನ್ನು ಕಂಡವಳೇ? ನಿಮ್ಮಪ್ಪನನ್ನು ಕೇಳಿದೆ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದು, ತುತ್ತು ಕಲಸುತ್ತ, "ಪಲ್ಯೆಕ ಉಪ್ಪ ಕಮ್ಮಿ ಅಂದ್ರ ಒಂದು ಹುಬ್ಬು ಏರಸ್ತಿದ್ಲು" ಅಂದರು. ಇಪ್ಪತ್ತೆರಡು ವರ್ಷದ ಸಂಸಾರದಿಂದ ಆ ಮನುಷ್ಯನಿಗೆ ಉಳಿದದ್ದು ಒಂದು ಹುಬ್ಬು. ಅದೂ ಯಾವ ಕಡೆಯದು ಅಂತ ನೆನಪಿಲ್ಲ.

ನಿನ್ನ ಅತ್ತೆ ಸುಂದರಾಬಾಯಿ ಹೇಳುತ್ತಾಳೆ, ನೀನೇ ಶಿವದೇವಿಯ ಪಡಿಯಚ್ಚಂತೆ. ಅದಕ್ಕೇ ಕೇಳುತ್ತೇನೆ. ಒಂದು ಶನಿವಾರ ಬಂದು ಲಿಂಗಣ್ಣನ ಎದುರಿಗೆ ಅರ್ಧ ತಾಸು ಕುಳಿತುಕೊಳ್ಳುತ್ತೀಯಾ? ಸ್ಟೂಲು ಬೇಡ, ನಾನು ಮನೆಯಿಂದ ಕುರ್ಚಿ ಒಯ್ಯುತ್ತೇನೆ. ಟಾಕಿಲ್ಲದ ಕೊರಳು ನನಗೆ ಹಗುರ ಅನಿಸುತ್ತಿಲ್ಲ. ರೊಟ್ಟಿ ಬಡಿಯುವಾಗ ಬಾಯಿ ತೆರೆದರೆ ಯಾರೂ ಇಲ್ಲ.

ಕುಬುಸದ ಬಗ್ಗೆ ನೀನು ಏನೂ ಬರೆದಿಲ್ಲ.

ಇಂತಿ,
ಗದಿಗೆಮ್ಮ


ಮಣಿಕೊಂಡ
3 ಸೆಪ್ಟೆಂಬರ್ 2006

ಚಿಗವ್ವನಿಗೆ,

ನಮಸ್ಕಾರ.

ನಾನು ಪತ್ತಾರನ ಎದುರಿಗೆ ಕುಳಿತುಕೊಳ್ಳುವುದಿಲ್ಲ. ಸಿಟ್ಟಿನಿಂದ ಅಲ್ಲ. ನನಗೆ ಅವ್ವನ ಮುಖ ಇಲ್ಲ. ಅತ್ತೆ ಎಲ್ಲರಿಗೂ ಹಾಗೆಯೇ ಹೇಳುತ್ತಾರೆ, ಕಿರಣನೂ ಅವ್ವನ ಪಡಿಯಚ್ಚು ಎನ್ನುತ್ತಾರೆ. ನನ್ನ ಮೂಗು ಅಪ್ಪನದು. ನಾನು ಕುಳಿತರೆ ನೀವು ಕೊರಳಿನಲ್ಲಿ ಕಟ್ಟಿಕೊಳ್ಳುವುದು ನನ್ನನ್ನು.

ಇನ್ನೊಂದು ವಿಷಯ ನಿಮಗೆ ಹೇಳಬೇಕು. ನಿಮ್ಮ ಮದುವೆಯ ಹಿಂದಿನ ದಿನ ಅತ್ತೆ ಆ ಟಾಕನ್ನು ಸರಾಫ್ ಬಜಾರಿನಿಂದ ತಂದರು. ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯವನು ಡಬ್ಬಿ ತೆರೆದು ತೋರಿಸಿದ, ಅದರಲ್ಲಿ ಒಂದೇ ಥರದ ಇಪ್ಪತ್ತು ಟಾಕು ಇದ್ದವು. ಅತ್ತೆ ಮೇಲಿನದನ್ನು ತೆಗೆದುಕೊಂಡರು. ಅದರಲ್ಲಿ ಇದ್ದದ್ದು ಅಚ್ಚಿನ ಹೆಂಗಸು, ಅವ್ವ ಅಲ್ಲ. ನಾನು ಆಗಲೇ ನೋಡಿ, ಇದು ನಮ್ಮವ್ವ ಅಲ್ಲ, ಇದನ್ನು ಕಟ್ಟಿಕೊಂಡು ಬರುವವಳಿಗೆ ಅದು ಗೊತ್ತಾಗುವುದೂ ಇಲ್ಲ ಎಂದು ಮನಸಿನಲ್ಲಿ ನಕ್ಕಿದ್ದೆ. ಆ ನಗೆಯನ್ನು ಇವತ್ತು ಕಾಗದದ ಮೇಲೆ ಹಾಕಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನೀವು ಅಳಿಸಿದ್ದು ಅವ್ವನ ಮುಖ ಅಲ್ಲ. ಯಾರೋ ಅಂಗಡಿಯ ಹೆಂಗಸಿನದು. ಎಂಟು ವರ್ಷ ಮಾತಾಡಿದ್ದು ಮಾತ್ರ ಅವ್ವನ ಜೊತೆಗೇ.

ಅದಕ್ಕೆ ಏನನ್ನೂ ಒತ್ತಿಸಬೇಡಿ. ಹೇಗಿದೆಯೋ ಹಾಗೆಯೇ ಕಟ್ಟಿಕೊಳ್ಳಿ. ರಂಗೋಲಿ ಪುಡಿ ಮಾತ್ರ ಬೇಡ.

ಮಗು ಒಳಗೆ ಒದೆಯುತ್ತಿದೆ. ಉಂಡಿ ಮುಗಿದವು.

ಉಮಾಶ್ರೀ


ಕೋಠಿ
10 ಸೆಪ್ಟೆಂಬರ್ 2006, ರವಿವಾರ

ಉಮಾಶ್ರೀಗೆ,

ನಿನ್ನ ಕಾಗದ ಗುರುವಾರ ಬಂತು. ಓದಿ, ಮತ್ತೆ ಮೊದಲಿನಿಂದ ಓದಿದೆ. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಹುಡುಗರು "ಏನ್ ಅಕ್ಕಾ, ಇವತ್ತ ಇದ್ದಿಲು ಮಾರಾಕತ್ತೀರೇನು?" ಅಂದರು. ಬೈಯಲಿಲ್ಲ. ಅವರಿಗೆ ಗಾಬರಿಯಾಯಿತು.

ಇಪ್ಪತ್ತು ಟಾಕಿನ ಮಾತು ನಿಮ್ಮತ್ತೆಗೆ ಕೇಳಿದೆ. "ಹೌದು, ಎಲ್ಲಾರದೂ ಹಂಗ ಇರತೈತಿ. ಮಾರಿ ಯಾವದರ ಇರಲಿ, ಹೆಸರ ಹೇಳಿ ಕಟ್ಟಿದ ಮ್ಯಾಲೆ ಆಕಿನ" ಅಂದಳು. ಮೊದಲ ಸಲ ಆ ಹೆಂಗಸು ನನ್ನ ಮುಂದೆ ಒಂದು ಶಾಣೆ ಮಾತು ಆಡಿದಳು. ನೀನು ನಕ್ಕದ್ದಕ್ಕೆ ನನಗೆ ಸಿಟ್ಟಿಲ್ಲ. ತಾಯಿ ಸತ್ತು ಮೂರು ವರ್ಷಕ್ಕೆ ಇನ್ನೊಬ್ಬಳು ಮನೆಗೆ ಬರುವಾಗ ನಾನಾದರೆ ನಗುತ್ತಿರಲಿಲ್ಲ, ಕಲ್ಲು ಎಸೆಯುತ್ತಿದ್ದೆ.

ಲಿಂಗಣ್ಣನ ಹತ್ತಿರ ಹೋಗಿ ಟಾಕು ತಂದೆ. ಬೋಳು ಟಾಕಿಗೆ ಬರೀ ಕೊಂಡಿ ಭದ್ರ ಮಾಡಿಸಿ, ಶುಕ್ರವಾರ ತಾಳಿಯ ಪಕ್ಕ ಪೋಣಿಸಿಕೊಂಡೆ. ಈಗ ಕನ್ನಡಿಯಲ್ಲಿ ನೋಡಿದರೆ ಆಕೆಯ ಮುಖದಲ್ಲಿ ನನ್ನ ಗದ್ದ ಕಾಣುತ್ತದೆ, ಬಗ್ಗಿದರೆ ಹಿಟ್ಟಿನ ಪರಾತ ಕಾಣುತ್ತದೆ. ನಿನ್ನೆ ರೊಟ್ಟಿ ಬಡಿಯುತ್ತ ಆಕೆಗೆ ಎಲ್ಲ ಹೇಳಿದೆ. ನಿನ್ನ ಮಗಳು ನನ್ನನ್ನು ಚಿಗವ್ವ ಅಂದಿದ್ದಾಳೆ, ನೀನೇನೂ ಬೇಜಾರು ಮಾಡಿಕೊಳ್ಳಬೇಡ, ಅವ್ವ ಎಂಬುದು ನಿನ್ನದೇ, ಅದರ ಮೇಲೆ ನನಗೆ ಆಸೆ ಇಲ್ಲ ಅಂತ. ಆಸೆ ಇಲ್ಲ ಅಂದದ್ದು ಪೂರಾ ಖರೆ ಅಲ್ಲ. ಅದೂ ಆಕೆಗೆ ಗೊತ್ತು. ನೀನು ಚಿಗವ್ವ ಅಂತ ತಪ್ಪಿ ಬರೆದಿದ್ದರೂ ತಿದ್ದಬೇಡ. ನಾಲ್ಕು ವರ್ಷದ ಕೆಮ್ಮಿಗಿಂತ ಅದು ಎಷ್ಟೋ ವಾಸಿ.

ನಿಮ್ಮಪ್ಪನಿಗೆ ಅರವತ್ತನಾಲ್ಕು. ನಾನು ಮೊದಲು ಹೋದರೆ ಮೂರನೆಯವಳು ಬರುವುದಿಲ್ಲ, ಬಂದರೂ ಆ ಮನುಷ್ಯನ ಮೌನಕ್ಕೆ ಎಂಟು ದಿನಕ್ಕೆ ಓಡಿಹೋಗುತ್ತಾಳೆ. ಹಾಗಾಗಿ ನನ್ನ ಹೆಸರಿನ ಟಾಕನ್ನು ಯಾರೂ ಕೊರಳಿಗೆ ಕಟ್ಟಿಕೊಳ್ಳುವುದಿಲ್ಲ. ಬೇಕಾಗಿಯೂ ಇಲ್ಲ. ನಿನ್ನ ಮಗು ಬದನೆಕಾಯಿ ತಿನ್ನುವುದಿಲ್ಲ ಅಂತ ಹಟ ಮಾಡಿದ ದಿನ ನಿನಗೆ ನನ್ನ ನೆನಪಾದರೆ ಸಾಕು.

ಈಗ ಕೇಳು. ಫೋಟೋದ ಬಗ್ಗೆ ಬರೆದೆ, ಟಾಕಿನ ಬಗ್ಗೆ ಬರೆದೆ, ಉಂಡಿ ಮುಗಿದವು ಅಂತಲೂ ಬರೆದೆ. ಕುಬುಸದ ಬಗ್ಗೆ ಮೂರು ಕಾಗದದಲ್ಲಿ ಒಂದೇ ಸಾಲು, ಅದೂ ವರಂಗಲ್ಲಿನದು. ವರಂಗಲ್ಲಿನ ಬೀಗತಿ ಮಾಡುತ್ತೇನೆ ಅಂದರೆ ಅವರೂ ಮಾಡಲಿ, ಬಸುರಿಗೆ ಎರಡು ಸೀರೆ ಭಾರವಲ್ಲ. ಆದರೆ ಮೊದಲನೆಯದು ಇಲ್ಲಿ. ಪಕ್ಷಮಾಸ ಇಪ್ಪತ್ತೆರಡಕ್ಕೆ ಮುಗಿಯುತ್ತದೆ. ಇಪ್ಪತ್ತೆಂಟು ಗುರುವಾರ ದಿನ ಚಲೋ ಇದೆ ಅಂತ ಕೇಳಿಸಿದ್ದೇನೆ. ಹಸಿರು ಸೀರೆ ತಂದಾಗಿದೆ. ನಿಮ್ಮವ್ವನಿಗೆ ಮುಟ್ಟಿಸಿ ಮಡಿಚಿ ಇಟ್ಟಿದ್ದೇನೆ. ಆಕೆ ಉಟ್ಟ ಸೀರೆಯನ್ನೇ ನೀನು ಉಡುವುದು, ನಡುವೆ ನಾನು ಬರುವುದಿಲ್ಲ. ನಿನ್ನ ಖೋಲಿ ಖಾಲಿ ಮಾಡಿದ್ದೇನೆ. ರೊಟ್ಟಿಯ ಹುಡುಗರಿಗೆ ದೀಪಾವಳಿಯಿಂದ ಐದು ತಿಂಗಳು ಬೇರೆ ಕಡೆ ನೋಡಿಕೊಳ್ಳಿ, ನನ್ನ ಮಗಳ ಬಾಣಂತನ ಇದೆ ಅಂತ ಹೇಳಿಬಿಟ್ಟಿದ್ದೇನೆ. ನಿನ್ನನ್ನು ಕೇಳದೆ ಹೇಳಿದೆ. ಬಾಯಿಂದ ಬಂದುಹೋಯಿತು. ಉಪ್ಪಿನ ಡಬ್ಬಿಯನ್ನು ಕೆಳಗಿನ ಗೂಡಿಗೆ ಇಳಿಸಿದ್ದೇನೆ, ನಿನ್ನ ಕೈಗೆ ಎಟುಕಲಿ ಅಂತ.

ಬಳೆಗಾರ್ತಿಗೆ ಹತ್ತು ದಿನ ಮೊದಲು ಹೇಳಬೇಕು. ಬರುತ್ತೀಯೋ ಇಲ್ಲವೋ? ಬಂದರೆ ಬಾಣಂತನಕ್ಕೂ ಇರುತ್ತೀಯೋ, ಕುಬುಸ ಮುಗಿಸಿ ಹೋಗುತ್ತೀಯೋ? ಫೋನು ಬೇಡ, ಕಾಗದದಲ್ಲಿ ಬರೆ. ನಾನು ಒದರಿದರೆ ನಿನಗೆ ಕೇಳುವುದಿಲ್ಲ, ನೀನು ಅತ್ತರೆ ನನಗೆ ಕೇಳುವುದಿಲ್ಲ. ಸೆಪ್ಟೆಂಬರ್ ಹದಿನೆಂಟು, ಸೋಮವಾರದ ಟಪಾಲಿಗೆ ಉತ್ತರ ನನ್ನ ಕೈಯಲ್ಲಿ ಇರಬೇಕು.

ಆಶೀರ್ವಾದಗಳೊಂದಿಗೆ,
ನಿನ್ನ ಚಿಗವ್ವ
ಗದಿಗೆಮ್ಮ